ಚಿತ್ರವನ್ನು ಅಗಲಿದ್ದ ಪಿಟೀಲು

ಸಿನಿಮಾ ಶೂಟಿಂಗ್ ನೋಡಲು ಹೋದವರಿಗೆಲ್ಲ ಕ್ಲಾಪ್ ಹಲಗೆಯ ಪರಿಚಯವಿದ್ದೇ ಇರುತ್ತದೆ. ಸಹಾಯಕನೊಬ್ಬ ಕ್ಯಾಮೆರಾದ ಮುಂದೆ ಬಂದು, ದೃಶ್ಯದ ಸಂಖ್ಯೆ ಕೂಗಿ, ಹಲಗೆಯ ಮೇಲಿನ ಪಟ್ಟಿಯನ್ನು ‘ಟಪ್’ ಎಂದು ಬಡಿದು ಓಡುತ್ತಾನೆ. ಅದೊಂದು ಶಾಸ್ತ್ರವೆಂದೇ ಹಲವರ ಎಣಿಕೆ. ಆದರೆ ಅದಕ್ಕೆ ಕಾರಣವಿದೆ. ಚಿತ್ರವನ್ನು ಹಿಡಿಯುವುದು ಕ್ಯಾಮೆರಾ. ಮಾತನ್ನು ಹಿಡಿಯುವುದು ಬೇರೊಂದು ಯಂತ್ರ. ಸಂಕಲನಕಾರ ಇವೆರಡನ್ನೂ ಮತ್ತೆ ಕೂಡಿಸಬೇಕು. ಪಟ್ಟಿ ಹಲಗೆಗೆ ತಾಗಿದ ಫ್ರೇಮನ್ನೂ ‘ಟಪ್’ ಎಂಬ ಸದ್ದನ್ನೂ ಎದುರುಬದುರು ಇಟ್ಟರೆ ಮುಂದಿನದು ತಾನಾಗಿ ಕೂಡಿಕೊಳ್ಳುತ್ತದೆ.

ಎರಡು ಯಂತ್ರಗಳೂ ಸಮವೇಗದಲ್ಲಿ ಓಡಿದ್ದರೆ ಮಾತ್ರ, ಅಷ್ಟೆ. ಸೆಕೆಂಡಿಗೆ 24 ಫ್ರೇಮುಗಳ ಲೆಕ್ಕದಲ್ಲಿ, ಸಾವಿರಕ್ಕೆ ಒಂದು ಪಾಲು ವೇಗ ಹೆಚ್ಚುಕಡಿಮೆಯಾದರೂ ಹತ್ತು ನಿಮಿಷದಲ್ಲಿ 14 ಫ್ರೇಮುಗಳಷ್ಟು ಅಂತರ ಬೀಳುತ್ತದೆ. ಆಗ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ! ನಮ್ಮ ಚಿತ್ರರಂಗದಲ್ಲಿ ದಶಕಗಳ ಕಾಲ ಈ ಗೋಜೇ ಬೇಡವೆಂದು ಮಾತನ್ನೆಲ್ಲ ಡಬ್ಬಿಂಗ್ ಕೋಣೆಯಲ್ಲಿ ಮತ್ತೆ ಆಡಿಸುತ್ತಿದ್ದುದು ನಿಮಗೆ ಗೊತ್ತಿರಬಹುದು.

ಜೋಡಿಸುವ ಗುರುತೇ ಇಲ್ಲದಿದ್ದರೆ? ಅಮೆರಿಕದ ಒಂದು ಪುಟ್ಟ ಚಿತ್ರಕ್ಕೆ ಆದದ್ದು ಇದೇ. ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ ಥಾಮಸ್ ಎಡಿಸನ್ ಅವರ ‘ಬ್ಲ್ಯಾಕ್ ಮರಿಯಾ’ ಎಂಬ ಸ್ಟುಡಿಯೋ ಇತ್ತು. 1894ರ ಕೊನೆಗೋ 1895ರ ಆರಂಭಕ್ಕೋ ಅಲ್ಲಿ ಅವರ ಸಹಾಯಕ ಡಬ್ಲ್ಯು.ಕೆ.ಎಲ್. ಡಿಕ್ಸನ್ ಒಂದು ಭಾರೀ ಕೊಳವೆಯ ಬಾಯಿಗೆ ಪಿಟೀಲು ನುಡಿಸಿದರು. ಪಕ್ಕದಲ್ಲೇ ಇಬ್ಬರು ಗಂಡಸರು ಕೈಕೈ ಹಿಡಿದು ಕುಣಿದರು. ಚಿತ್ರ ಫಿಲ್ಮಿಗೆ ಇಳಿಯಿತು, ನಾದ ಮೇಣದ ಉರುಳೆಗೆ. ಚಿತ್ರಕ್ಕೆ ಧ್ವನಿ ಕೂಡಿಸಲು ನಡೆದ ಪ್ರಯತ್ನಗಳಲ್ಲಿ ಇಂದು ಉಳಿದಿರುವ ಅತಿ ಹಳೆಯದು ಇದೇ.

ಆದರೆ ಎರಡೂ ಬೇರೆಯಾದವು. ಸುಮಾರು 17 ಸೆಕೆಂಡಿನ ಚಿತ್ರ ಮೂಕಚಿತ್ರವಾಗಿ ಉಳಿಯಿತು. ನೋಡಿದವರಿಗೆ ಕಮಾನು ಆಡುವುದು ಕಾಣುತ್ತಿತ್ತು, ಸ್ವರ ಕೇಳುತ್ತಿರಲಿಲ್ಲ. ಉರುಳೆಯೋ ಎಡಿಸನ್ ಸಂಗ್ರಹದಲ್ಲಿ ಒಡೆದು ಬಿದ್ದಿತ್ತು. ಅದನ್ನು 1998ರಲ್ಲಿ ರಿಪೇರಿ ಮಾಡಿ ಧ್ವನಿಯನ್ನು ಹೊರತೆಗೆದರು.

ಹಾಗೆ ದೊರೆತ ಧ್ವನಿಯನ್ನು ಚಿತ್ರಕ್ಕೆ ಜೋಡಿಸುವ ಕೆಲಸ 2000ರಲ್ಲಿ ವಾಲ್ಟರ್ ಮರ್ಚ್ ಅವರಿಗೆ ಬಂತು. ‘ಅಪೋಕ್ಯಾಲಿಪ್ಸ್ ನೌ’ ಚಿತ್ರದ ಧ್ವನಿಗೆ ಆಸ್ಕರ್ ಪಡೆದ ಇವರಿಗೂ ಇದು ಸುಲಭವಾಗಿರಲಿಲ್ಲ. ಧ್ವನಿ ಇದ್ದದ್ದು ಸುಮಾರು ಎರಡು ನಿಮಿಷ. ಅದರ ಯಾವ 17 ಸೆಕೆಂಡು ಈ ಚಿತ್ರದ್ದು? ಕ್ಲಾಪ್ ಇಲ್ಲ. ಸಾಲದ್ದಕ್ಕೆ ಚಿತ್ರ ತೆಗೆದದ್ದು ಸೆಕೆಂಡಿಗೆ ಸುಮಾರು 40 ಫ್ರೇಮುಗಳಂತೆ! ಮರ್ಚ್ ಮೊದಲು ಕಂಪ್ಯೂಟರಿನಲ್ಲಿ ಚಿತ್ರದ ವೇಗವನ್ನು ಸರಿಪಡಿಸಿಕೊಂಡರು. ಬಳಿಕ ಕಮಾನಿನ ಚಲನೆಯನ್ನು ಸ್ವರಗಳೊಂದಿಗೆ ತಾಳೆ ನೋಡಿದರು. ಕಮಾನು ತಿರುಗಿದಲ್ಲಿ ಸ್ವರವೂ ತಿರುಗಬೇಕಲ್ಲವೇ? ಹಲಗೆ ಬಡಿಯದಿದ್ದರೂ ಡಿಕ್ಸನ್ ಅವರ ಕೈಯೇ ಗುರುತು ಬಿಟ್ಟುಹೋಗಿತ್ತು.

ಈಗ ಕ್ಯಾಮೆರಾಕ್ಕೂ ಧ್ವನಿಯಂತ್ರಕ್ಕೂ ಒಂದೇ ಗಡಿಯಾರದ ಸಂಖ್ಯೆ ಕೊಡುವ ಟೈಮ್‌ಕೋಡ್ ಇದೆ. ಆದರೂ ಹಲಗೆ ಬಡಿಯುವುದನ್ನು ಯಾರೂ ಬಿಟ್ಟಿಲ್ಲ. ಆ ಉರುಳೆಯಲ್ಲಿ ಪಿಟೀಲಿಗೂ ಮೊದಲು ಒಂದು ಮನುಷ್ಯಧ್ವನಿ ಇದೆ: ಉಳಿದವರೆಲ್ಲ ಸಿದ್ಧರೇ ಎಂದು ಕೇಳಿ, ಶುರುಮಾಡಲು ಹೇಳುತ್ತದೆ.