ಮಣ್ಣಿನಿಂದ ಕಲ್ಲಿಗೆ: ಆರಂಭದ ನಾರ್ಮನ್ ಕೋಟೆಗಳು



ಇಂಗ್ಲೆಂಡಿನ ನಾರ್ಮನ್ ಕೋಟೆ ಎಂದೊಡನೆ ದಪ್ಪ ಗೋಡೆಯ ಚೌಕಾಕಾರದ ಕಲ್ಲುಗೋಪುರ ಕಣ್ಣಮುಂದೆ ಬರುತ್ತದೆ. ಆದರೆ 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಆ ದೇಶವನ್ನು ಗೆದ್ದ ಮೇಲೆ ಅದನ್ನು ಕೈಯಲ್ಲಿ ಉಳಿಸಿಕೊಂಡದ್ದು ಬಹುಮಟ್ಟಿಗೆ ಮಣ್ಣು ಮತ್ತು ಮರದ ಕೋಟೆಗಳಿಂದ. ಅವುಗಳ ರೂಪವನ್ನು ತೀರ್ಮಾನಿಸಿದವು ಎರಡು ಕೊರತೆಗಳು: ಸಮಯವೂ ಇರಲಿಲ್ಲ, ಸೈನಿಕರೂ ಸಾಲದಾಗಿದ್ದರು. ಇಂದಿನ ನನ್ನ ವಾದ ಇಷ್ಟೇ.

1

ವಿಲಿಯಂ ಪೆವೆನ್ಸಿಯ ದಡದಲ್ಲಿ ಇಳಿದದ್ದು ಸೆಪ್ಟೆಂಬರ್ 28ರಂದು. ಅಲ್ಲಿದ್ದ ಹಳೆಯ ರೋಮನ್ ಕೋಟೆಯೊಳಗೆ ನೆಲೆ ಭದ್ರಪಡಿಸಿಕೊಂಡು, ಆಮೇಲೆ ಹೇಸ್ಟಿಂಗ್ಸ್‌ನಲ್ಲಿ ಹೊಸ ಕೋಟೆ ಎಬ್ಬಿಸಿದ. ನಿರ್ಣಾಯಕ ಕಾಳಗ ನಡೆದದ್ದು ಅಕ್ಟೋಬರ್ 14ಕ್ಕೆ. ಎರಡು ವಾರದಲ್ಲಿ ಕಲ್ಲಿನ ಕೋಟೆ ಏಳುವುದುಂಟೆ? ಈ ದಂಡಯಾತ್ರೆಯ ಕಥೆ ಹೇಳುವ ಬೇಯೊ ಕಸೂತಿ ಪಟದಲ್ಲಿ ಆ ಕೆಲಸದ ಚಿತ್ರವೇ ಇದೆ: ಸಲಿಕೆ ಹಿಡಿದ ಆಳುಗಳು, ಪದರ ಪದರವಾಗಿ ಏರುವ ದಿಬ್ಬ, ನಡುವೆ ಸಲಿಕೆಯಲ್ಲೇ ಬಡಿದಾಡುವ ಇಬ್ಬರು.

ವಿನ್ಯಾಸ ಸರಳ. ದುಂಡಗೆ ಕಂದಕ ತೋಡಿ, ಬಂದ ಮಣ್ಣನ್ನು ನಡುವೆ ಪೇರಿಸಿ ದಮ್ಮಸು ಮಾಡಬೇಕು. ಒಂದೇ ಅಗೆತದಲ್ಲಿ ಶತ್ರುವಿಗೆ ತಗ್ಗು, ತಮಗೆ ಎತ್ತರ. ಈ ದಿಬ್ಬವೇ ‘ಮಾಟ್’. ಅದರ ನೆತ್ತಿಯ ಮೇಲೆ ಗೂಟದ ಬೇಲಿ, ಒಳಗೆ ಮರದ ಗೋಪುರ. ಬುಡದಲ್ಲಿ ಇನ್ನೊಂದು ಕಂದಕ, ಒಡ್ಡು, ಬೇಲಿ ಬಳಸಿದ ಅಂಗಳ, ಅದು ‘ಬೈಲಿ’. ಕುದುರೆಲಾಯ, ಅಡುಗೆಮನೆ, ಉಗ್ರಾಣ, ಪ್ರಾರ್ಥನಾ ಮಂದಿರ ಎಲ್ಲವೂ ಅಲ್ಲಿ. ಅಂಗಳ ಶತ್ರುವಿನ ವಶವಾದರೆ ಮರದ ಸೇತುವೆ ಹತ್ತಿ ದಿಬ್ಬ ಸೇರಿಕೊಳ್ಳಬಹುದು. ಮಣ್ಣು ಹೊರಲು ಕುಶಲಕರ್ಮಿಗಳು ಬೇಕಿಲ್ಲ. ಸೋತ ಊರಿನವರನ್ನೇ ಬಿಟ್ಟಿ ಕೆಲಸಕ್ಕೆ ಎಳೆದರಾಯಿತು. ಕಾಯಲು ಬೆರಳೆಣಿಕೆಯ ಸೈನಿಕರು ಸಾಕು. ದಿಬ್ಬವೇ ಇಲ್ಲದೆ ಬರೀ ಒಡ್ಡು–ಕಂದಕದ ಕೋಟೆಗಳೂ ಇದ್ದವು. ಲಿಂಕನ್, ಲೂಯಿಸ್ ಕೋಟೆಗಳಲ್ಲಿ ಎರಡೆರಡು ದಿಬ್ಬಗಳಿವೆ.

ಇದು ನಾರ್ಮನ್ನರೇ ಕಂಡುಹಿಡಿದ ವಿದ್ಯೆಯಲ್ಲ. ಉತ್ತರ ಫ್ರಾನ್ಸಿನ ಪಾಳೆಯಗಾರರಿಗೆಲ್ಲ ಅದು ಗೊತ್ತಿತ್ತು. 1066ಕ್ಕೂ ಮೊದಲೇ ಹೆರಿಫರ್ಡ್ ಸೀಮೆಯಲ್ಲಿ ನೆಲೆಸಿದ್ದ ಕೆಲವು ನಾರ್ಮನ್ನರು ಇಂಥ ಕೋಟೆ ಕಟ್ಟಿಕೊಂಡಿದ್ದರು. ಇಡೀ ದೇಶದ ಮೇಲೆ ಅದನ್ನು ಹರಡಿದ ವೇಗ ಮಾತ್ರ ವಿಲಿಯಂನದು.

2

ಯಾರ್ಕ್ ನಗರದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1068ರಲ್ಲಿ ಒಂದು ಕೋಟೆ. ಬಂಡಾಯವೆದ್ದಾಗ, 1069ರಲ್ಲಿ, ಎಂಟು ದಿನದೊಳಗೆ ಇನ್ನೊಂದು. ಅದೇ ವರ್ಷ ಡೇನರೂ ಬಂಡುಕೋರರೂ ಸೇರಿ ಎರಡನ್ನೂ ಕೆಡವಿದರು. ವಿಲಿಯಂ ಮತ್ತೆ ಎಬ್ಬಿಸಿದ. ಮರ ಸುಟ್ಟರೂ ದಿಬ್ಬ ಸುಡುವುದಿಲ್ಲ.

ಊರಿನವರು ತೆತ್ತ ಬೆಲೆ, ವಿಲಿಯಂ ಮಾಡಿಸಿದ ಭೂಸಮೀಕ್ಷೆಯಾದ 1086ರ ಡೂಮ್ಸ್‌ಡೇ ದಾಖಲೆಯಲ್ಲಿದೆ. ಲಿಂಕನ್‌ನಲ್ಲಿ ಕೋಟೆಗಾಗಿ ಹೋದ ಮನೆಗಳು 166, ಕೇಂಬ್ರಿಡ್ಜ್‌ನಲ್ಲಿ 27. ಯಾರ್ಕ್‌ನ ಏಳು ವಿಭಾಗಗಳಲ್ಲಿ ಒಂದು ಪೂರ್ತಿ ಹಾಳಾಯಿತು. ಕೋಟೆ ಊರನ್ನು ಕಾಯಲು ಬಂದದ್ದಲ್ಲ, ಊರಿನ ಮೇಲೆ ಕಣ್ಣಿಡಲು ಬಂದದ್ದು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಮರದ್ದೆಂದ ಮಾತ್ರಕ್ಕೆ ಅದು ತಾತ್ಕಾಲಿಕವೂ ಅಲ್ಲ. ವೇಲ್ಸ್ ಗಡಿಯ ಹೆನ್ ಡೊಮೆನ್‌ನಲ್ಲಿ ಫಿಲಿಪ್ ಬಾರ್ಕರ್ 1960ರಲ್ಲಿ ಆರಂಭಿಸಿದ ಉತ್ಖನನ ಮೂರು ದಶಕ ನಡೆಯಿತು. ಕಂಬ ನೆಟ್ಟ ಕುಳಿ, ತೊಲೆ ಕೂರಿಸಿದ ತೋಡುಗಳ ಕುರುಹು ಹಿಡಿದು ನೋಡಿದಾಗ, ಅಂಗಳದ ತುಂಬ ಒತ್ತೊತ್ತಾಗಿ ಕಟ್ಟಡಗಳಿದ್ದದ್ದು ತಿಳಿಯಿತು. 1070ರ ದಶಕದ ಆ ಕೋಟೆ ಮತ್ತೆ ಮತ್ತೆ ದುರಸ್ತಿಯಾಗುತ್ತ 13ನೆಯ ಶತಮಾನದವರೆಗೂ ಬಳಕೆಯಲ್ಲಿತ್ತು, ಕೊನೆಯವರೆಗೂ ಮರದಲ್ಲೇ.

3

ಇಷ್ಟು ಅಗ್ಗದ ಆಯುಧ ಇನ್ನೊಬ್ಬರ ಕೈಗೂ ಸಿಗುತ್ತದಲ್ಲ! ವಿಲಿಯಂ ಬಾಲಕನಾಗಿದ್ದಾಗ ನಾರ್ಮಂಡಿಯ ಸರದಾರರು ಅಪ್ಪಣೆಯಿಲ್ಲದೆ ಕೋಟೆ ಕಟ್ಟಿಕೊಂಡು ಅವನನ್ನೇ ಕಾಡಿದ್ದರು. 1047ರಲ್ಲಿ ಬಂಡೆದ್ದ ಸರದಾರರನ್ನು ಗೆದ್ದ ನಂತರ ಅಂಥ ಕೋಟೆಗಳನ್ನು ಅವನು ಕೆಡವಿಸಿದ. ಅವನ ಕಾಲದ ಕಟ್ಟಳೆಗಳನ್ನು 1091ರಲ್ಲಿ ಬರೆದಿಡಲಾಯಿತು. ಅದರ ಒಂದು ನಿಯಮ ಗಮನಿಸಿ: ಕಂದಕದ ತಳದಲ್ಲಿ ನಿಂತವನು ನಡುವೆ ಮೆಟ್ಟಿಲಿಲ್ಲದೆ ಮಣ್ಣನ್ನು ಮೇಲಕ್ಕೆ ಎಸೆಯಬಲ್ಲಷ್ಟೇ ಆಳ ತೋಡಬಹುದು, ಅದಕ್ಕಿಂತ ಹೆಚ್ಚು ಕೂಡದು. ಗೂಟದ ಬೇಲಿಯೂ ಒಂದೇ ಸಾಲಿನದಾಗಿರಬೇಕು. ಪ್ರಭುತ್ವ ಅಳೆಯುತ್ತಿದ್ದದ್ದು ಗೋಡೆಯ ಎತ್ತರವನ್ನಲ್ಲ, ಹಳ್ಳದ ಆಳವನ್ನು.

4

ಹಾಗಾದರೆ ಕಲ್ಲು ಬಂದದ್ದು ಯಾವಾಗ? ಹಿಡಿತ ಗಟ್ಟಿಯಾಗಿ, ಹಣವೂ ಬಿಡುವೂ ಸಿಕ್ಕಾಗ. ಲಂಡನ್ನಿನ ವೈಟ್ ಟವರ್ 1070ರ ದಶಕದಲ್ಲಿ ಆರಂಭವಾಗಿ 1100ರ ಹೊತ್ತಿಗೆ ಮುಗಿದಿತ್ತು. ಉಸ್ತುವಾರಿ ರಾಚೆಸ್ಟರ್‌ನ ಬಿಷಪ್ ಗಂಡಲ್ಫ್‌ನದು. ಎತ್ತರ ಸುಮಾರು 27 ಮೀಟರ್. ನಾರ್ಮಂಡಿಯ ಕಾನ್ ಪಟ್ಟಣದ ಕಲ್ಲು ಸಮುದ್ರ ದಾಟಿ ಬಂದಿತು. ಎರಡು ವಾರದ ಕೋಟೆಗೂ ಎರಡು ದಶಕದ ಕೋಟೆಗೂ ನಡುವೆ ಇದ್ದದ್ದು ಒಬ್ಬ ಆಕ್ರಮಣಕಾರ ರಾಜನಾಗಿ ಬೇರೂರಿದ ಚರಿತ್ರೆ.

ಪೇರಿಸಿದ ಮಣ್ಣು ಕಲ್ಲಿನ ಭಾರವನ್ನು ಸುಲಭಕ್ಕೆ ತಡೆಯದು. ಆದ್ದರಿಂದ ಭಾರಿ ಗೋಪುರಗಳನ್ನು ಗಟ್ಟಿನೆಲದ ಮೇಲೆ ಕಟ್ಟಿದರು. ಹಳೆಯ ದಿಬ್ಬಗಳಿಗೆ ಅನೇಕ ಕಡೆ ಗೂಟದ ಬೇಲಿಯ ಜಾಗದಲ್ಲಿ ಬಳೆಯಾಕಾರದ ಕಲ್ಲುಗೋಡೆ ಬಂತು. ಯಾರ್ಕ್‌ನ ದಿಬ್ಬದ ಮೇಲೆ 13ನೆಯ ಶತಮಾನದಲ್ಲಿ ಎದ್ದ ಕಲ್ಲುಗೋಪುರ ಮುಂದಿನ ಶತಮಾನದಲ್ಲೇ ಬಿರುಕುಬಿಟ್ಟಿತು.

ಚೌಕ ಗೋಪುರಕ್ಕೆ ಮೂಲೆಗಳೇ ದೌರ್ಬಲ್ಯ. 1215ರಲ್ಲಿ ದೊರೆ ಜಾನ್, ರಾಚೆಸ್ಟರ್ ಕೋಟೆಯ ಮೂಲೆಯಡಿ ಸುರಂಗ ಕೊರೆಸಿ, ಅದಕ್ಕೆ ಆನಿಸಿದ್ದ ಮರದ ಕಂಬಗಳಿಗೆ ನಲವತ್ತು ಕೊಬ್ಬಿದ ಹಂದಿಗಳ ನೆಣದಿಂದ ಬೆಂಕಿ ಹಚ್ಚಿಸಿದ, ಮೂಲೆ ಕುಸಿಯಿತು. ಒಳಗಿನವರು ಕಟ್ಟಡವನ್ನು ಇಬ್ಭಾಗಿಸಿದ್ದ ಅಡ್ಡಗೋಡೆಯ ಆಚೆ ಸರಿದು ಹೋರಾಡಿ, ಕೊನೆಗೆ ಹಸಿವಿಗೆ ಮಣಿದರು. ಮುಂದೆ ಆ ಮೂಲೆಯನ್ನು ದುಂಡಗೆ ಕಟ್ಟಲಾಯಿತು. ಇಂದಿಗೂ ಅದರ ಮೂರು ಮೂಲೆ ಚೌಕ, ಒಂದು ದುಂಡು.

ವಿದ್ಯಾರ್ಥಿ ಮಿತ್ರರೆ, ಕೋಟೆಯ ವಾಸ್ತುವನ್ನು ಕೋಟೆ–ಮುತ್ತಿಗೆಗಳ ಪೈಪೋಟಿ ಎಂದಷ್ಟೇ ಓದುವುದು ರೂಢಿ. ರಾಚೆಸ್ಟರ್‌ಗೆ ಆ ಓದು ಒಪ್ಪುತ್ತದೆ. ಲಿಂಕನ್‌ನ 166 ಮನೆಗಳಿಗೆ ಒಪ್ಪುವುದಿಲ್ಲ. ಅಗೆದವರು ಯಾರು, ಅಗೆಸಿದವರಿಗೆ ಎಷ್ಟು ಅವಸರವಿತ್ತು, ಅಗೆಯಲು ಅಪ್ಪಣೆ ಯಾರದು — ಈ ಮೂರು ಪ್ರಶ್ನೆಗಳನ್ನು ಮೊದಲು ಕೇಳಿ, ಗೋಡೆಯನ್ನು ಆಮೇಲೆ ಅಳೆಯಿರಿ.