ಅರದಾಳ ಬಳಿದ ಮುಖ



ಊರ ಜಾತ್ರೆ ಬಂತೆಂದರೆ ಗೌರಿಬಿದನೂರು, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಕೇಳಿಕೆ ಎಂಬ ಬಯಲಾಟವೋ ‘ಕುರುಕ್ಷೇತ್ರ’ ನಾಟಕವೋ ನಡೆಯುತ್ತದೆ. ಹಗಲು ಹೊಲ ಉತ್ತವರು, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿದವರು ರಾತ್ರಿ ಭೀಮ, ದುರ್ಯೋಧನರಾಗುತ್ತಾರೆ. ಅವರ ಪದ ಕೇಳಿ ತಲೆದೂಗುತ್ತೇವೆ. ಮುಖಕ್ಕೆ ಏನು ಬಳಿದಿದ್ದಾರೆ ಎಂದು ಮಾತ್ರ ಕೇಳುವುದಿಲ್ಲ.

ಬಯಲಾಟದ ಬಣ್ಣವೆಂದರೆ ಹಿಂದೆ ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ. ಅರದಾಳವೆಂದರೆ ಗಂಧಕದೊಡನೆ ಕೂಡಿದ ಆರ್ಸೆನಿಕ್, ಅಂದರೆ ಪಾಷಾಣದ ಮೂಲ. ಇಂಗಳೀಕದಲ್ಲಿ ಇರುವುದು ಪಾದರಸ. ಸಫೇದದಲ್ಲಿ ಸತುವಿನದೂ ಉಂಟು, ಸೀಸದ್ದೂ ಉಂಟು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಚಿತ್ರಕಾರನ ಹಳದಿ ಹರಿತಾಲ, ಕೆಂಪು ದರದ. ಇವೇ ನಮ್ಮ ಅರದಾಳ, ಇಂಗಳೀಕ. ಆದರೆ ಚಿತ್ರ ಬರೆದ ಗೋಡೆ ನಟನ ಹಾಗೆ ಬೆವರುವುದಿಲ್ಲ, ಬಣ್ಣದ ಕೈಯಲ್ಲೇ ಬೀಡಿ ಹಚ್ಚುವುದಿಲ್ಲ.

1700ರಲ್ಲಿ ಇಟಲಿಯ ವೈದ್ಯ ರಾಮಜ್ಜಿನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದ. ಚಿತ್ರಕಾರರು ಸೊರಗುವುದಕ್ಕೆ ಅವರ ಬಣ್ಣಗಳೇ ಕಾರಣವೆಂದ. 1887ರಲ್ಲಿ ಜಪಾನಿನ ಚಕ್ರವರ್ತಿಯ ಎದುರು ಅಲ್ಲಿನ ಕಬುಕಿ ನಾಟಕ ಆಡುತ್ತಿದ್ದ ನಟ ನಾಲ್ಕನೆಯ ನಕಾಮುರಾ ಫುಕುಸುಕೆಯ ಕಾಲು ನಡುಗತೊಡಗಿತು. ವರ್ಷಗಟ್ಟಲೆ ಮುಖಕ್ಕೆ ಹಚ್ಚಿದ್ದ ಸೀಸದ ಬಿಳಿ ಅವನ ನರಗಳಿಗೆ ಇಳಿದಿತ್ತು. ಸೀಸವಿಲ್ಲದ ಬಿಳಿಗಾಗಿ ಅಲ್ಲಿ ಹುಡುಕಾಟ ಬಿರುಸಾದದ್ದು ಆಮೇಲೆ.

1921ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಕಟ್ಟಡಗಳ ಒಳಗೋಡೆಗೆ ಸೀಸದ ಬಿಳಿ ಬಳಿಯಬಾರದೆಂದು ಒಡಂಬಡಿಕೆ ಮಾಡಿತು. ಕಲಾವಿದರ ಚಿತ್ರಕೆಲಸಕ್ಕೆ ಅದು ಅನ್ವಯಿಸುವುದಿಲ್ಲ ಎಂದೂ ಅದರಲ್ಲೇ ಬರೆದರು. ಸುಣ್ಣಬಣ್ಣದ ಕೆಲಸದವನಿಗೆ ಸಿಕ್ಕ ರಕ್ಷಣೆ ಕಲಾವಿದನಿಗೆ ಸಿಗಲಿಲ್ಲ. ನನಗೆ ಇದು ಇಂದಿಗೂ ನೋವಿನ ಸಂಗತಿ.

ನಮ್ಮಲ್ಲಿ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಪ್ರಸಾಧನಗಳಿಗೆ ಬಣ್ಣ ಕೊಡಲು ಸೀಸ, ಆರ್ಸೆನಿಕ್ ಬಳಸುವಂತಿಲ್ಲ. ಆದರೆ ಗ್ರಂಧಿಗೆ ಅಂಗಡಿಯಲ್ಲಿ ಕಾಗದದಲ್ಲಿ ಕಟ್ಟಿಕೊಡುವ ಪುಡಿಯ ಮೇಲೆ ಏನಿದೆಯೆಂದು ಬರೆದಿರುವುದಿಲ್ಲ.

ಬಣ್ಣ ಕಟ್ಟುವ ಅಣ್ಣಂದಿರೇ, ಹೆಸರಿಲ್ಲದ ಪುಡಿ ಕೊಳ್ಳಬೇಡಿ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಬೇಡಿ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿ, ಸೋಪು ಹಾಕಿ ಕೈ ಮುಖ ತೊಳೆದೇ ಊಟಕ್ಕೆ ಕೂರಿ. ಆಟ ಆಡಿಸುವ ಊರಿನವರೇ, ಸೀರಿಯಲ್ ಸೆಟ್ಟಿಗೆ ಎತ್ತುವ ಚಂದಾದಲ್ಲಿ ಒಳ್ಳೆಯ ಬಣ್ಣಕ್ಕೂ ಒಂದು ಪಾಲು ತೆಗೆದಿಡಿ.