ತೀರಿದ ಸಾಲ, ಉಳಿದ ಗುರುತು



ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆ ಜಮೀನುಳ್ಳ ಮನೆಯವರಿಗೆ ಪಹಣಿಯನ್ನು ಪರಿಚಯಮಾಡಿಕೊಡಬೇಕಾದುದಿಲ್ಲ. ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ ‘ಭೂಮಿ’ ಯೋಜನೆ ಮೊದಮೊದಲು ಪ್ರಯೋಗಕ್ಕೆ ಬಂದ ತಾಲ್ಲೂಕುಗಳಲ್ಲಿ ನಮ್ಮ ಮದ್ದೂರೂ ಒಂದು. ರೈತನು ಸಾಲ ತೆಗೆದರೆ ಪಹಣಿಯ ಋಣದ ಕಾಲಂನಲ್ಲಿ ಅದು ನಮೂದಾಗುತ್ತದೆ. ಸಾಲ ತೀರಿದ ಮೇಲೆಯೂ ಆ ನಮೂದು ಹಾಗೆಯೇ ಉಳಿದರೆ, ನೋಡಿದವರು ಜಮೀನಿನ ಮೇಲೆ ಇನ್ನೂ ಸಾಲವಿದೆಯೆಂದೇ ತಿಳಿಯುತ್ತಾರೆ. ಬರೆದಾಗ ಅದು ಸತ್ಯವೇ ಆಗಿತ್ತು. ಕಾಲ ಸರಿದು ಸುಳ್ಳಾಯಿತು. ಇಂಥದೇ ತೊಡಕು ಗಣಕಯಂತ್ರದ ಒಳಗೂ ಉಂಟು. ಅದನ್ನು ಬಿಡಿಸಿದ ಬಗೆಯೊಂದನ್ನು ಈಗ ನಿಮಗೆ ತಿಳಿಸುತ್ತೇನೆ.

ಗಣಕಕ್ಕೆ ಜೋಡಿಸಿದ ಕ್ಯಾಮರಾ, ಪರದೆ ಮೊದಲಾದ ಸಾಧನಗಳನ್ನು ನಡೆಸುವ ಪ್ರೋಗ್ರಾಂಗೆ ‘ಡ್ರೈವರ್’ ಎಂದು ಹೆಸರು. ಕ್ಯಾಮರಾ ಹಿಡಿದ ಚಿತ್ರವನ್ನು ಪ್ರತಿ ಸಲವೂ ನಕಲುಮಾಡಿ ಕೊಡುವುದಕ್ಕೆ ಬದಲಾಗಿ, ಚಿತ್ರವಿರುವ ಮೆಮೊರಿಯನ್ನೇ ಕೇಳಿದ ಪ್ರೋಗ್ರಾಂಗೆ ತೆರೆದು ತೋರಿಸುವುದುಂಟು. ಇದೇ ಮೆಮೊರಿ ಮ್ಯಾಪಿಂಗ್. ಹೀಗೆ ತೆರೆದ ಜಾಗಕ್ಕೆ ಕೆಲವು ಗುರುತುಗಳನ್ನು ಹಚ್ಚುತ್ತಾರೆ: ‘ಇದನ್ನು ಹಿಗ್ಗಿಸಬೇಡ’, ‘ಪ್ರೋಗ್ರಾಂ ಕೆಟ್ಟು ನಿಂತಾಗ ತೆಗೆಯುವ ವರದಿಯಲ್ಲಿ ಇದನ್ನು ಸೇರಿಸಬೇಡ’ ಎಂಬಂತೆ.

ಆಂಡ್ರಾಯ್ಡ್ ಫೋನುಗಳ ತಿರುಳಾಗಿಯೂ ಇರುವ ಲಿನಕ್ಸ್ ವ್ಯವಸ್ಥೆಯಲ್ಲಿ ‘ವಿ.ಎಂ. ರಿಸರ್ವ್ಡ್’ ಎಂಬ ಗುರುತೊಂದಿತ್ತು. 2001ರಲ್ಲಿ ಹೊರಬಂದ 2.4ನೆಯ ಆವೃತ್ತಿಯಲ್ಲಿ ಅದಕ್ಕೆ ಖಚಿತವಾದ ಅರ್ಥವಿತ್ತು: ಮೆಮೊರಿ ಸಾಲದೆ ಹೋದಾಗ ಈ ಜಾಗವನ್ನು ಡಿಸ್ಕಿಗೆ ಸಾಗಿಸಬೇಡ ಎಂದು. ಮುಂದೆ ವ್ಯವಸ್ಥೆಯೇ ಬದಲಾಗಿ ಆ ಅರ್ಥ ಹೋಯಿತು, ಗುರುತು ಉಳಿಯಿತು. ಹಳೆಯ ಡ್ರೈವರನ್ನು ನೋಡಿ ಹೊಸದನ್ನು ಬರೆಯುವುದು ವಾಡಿಕೆಯಾದುದರಿಂದ ಅದು ಹಬ್ಬಿತು. ಕಡೆಗೆ 2012ರಲ್ಲಿ ಕಾನ್‌ಸ್ಟಾಂಟಿನ್ ಖ್ಲೆಬ್ನಿಕೋವ್ ಎಂಬವರು ಅದನ್ನು ಕಿತ್ತುಹಾಕಿದರು. ಆ ಡಿಸೆಂಬರಿನಲ್ಲಿ ಬಂದ 3.7ನೆಯ ಆವೃತ್ತಿಯಲ್ಲಿ ಅದು ಇಲ್ಲ.

ಕಣ್ಣುಮುಚ್ಚಿ ಅಳಿಸಿದುದಲ್ಲ. ಮೂಲ ಅರ್ಥ ಹೋಗಿದ್ದರೂ, ಜಾಗ ಹಿಗ್ಗದಂತೆ, ವರದಿಗೆ ಸೇರದಂತೆ ತಡೆಯುವ ಕೆಲಸವನ್ನು ಆ ಗುರುತು ಮಾಡುತ್ತಲೇ ಇತ್ತು. ಆ ಕೆಲಸ ಬೇಕಾದೆಡೆ ಅದನ್ನೇ ನೇರವಾಗಿ ಹೇಳುವ ಗುರುತುಗಳನ್ನು ಇಟ್ಟರು. ಡ್ರೈವರುಗಳೆಲ್ಲ ಕರೆಯುವ ಸಾಮಾನ್ಯ ವಿಧಿಯೇ ಅವನ್ನು ಹಚ್ಚುವ ಕಡೆಗಳಲ್ಲಿ ಡ್ರೈವರಿನ ಮಾತನ್ನು ಬಿಟ್ಟೇಬಿಟ್ಟರು. ವ್ಯಾಕರಣದಲ್ಲಿ ಅನುವೃತ್ತಿ ಎಂಬುದೊಂದುಂಟು. ಹಿಂದಿನ ಸೂತ್ರದ ಪದ ಮುಂದಿನದಕ್ಕೆ ತಾನೇ ಹರಿದುಬರುವಾಗ ಅದನ್ನು ಮತ್ತೆ ಹೇಳುವುದಿಲ್ಲ. ಹೇಳಿದರೆ ಓದುವವನು ಬೇರೇನೋ ಅರ್ಥವಿದೆಯೆಂದು ಹುಡುಕತೊಡಗುತ್ತಾನೆ.

‘ಒಂದು ಪದ ಹೆಚ್ಚಿದ್ದರೆ ನಷ್ಟವೇನು?’ ಎಂದು ನೀವು ಕೇಳಬಹುದು. ಯಂತ್ರಕ್ಕೆ ಹೆಚ್ಚಿನ ನಷ್ಟವಿಲ್ಲ. ನಷ್ಟವಾಗುವುದು ಓದುವ ಮನುಷ್ಯನಿಗೆ. ಕಾವಲಿಲ್ಲದ ಕಡೆ ಕಾವಲಿದೆಯೆಂದು ಒಬ್ಬನು ನಂಬುತ್ತಾನೆ. ಮುಟ್ಟಿದರೆ ಏನಾದೀತೋ ಎಂದು ಇನ್ನೊಬ್ಬನು ಅಂಜುತ್ತಾನೆ. ಆದರೆ ಬ್ಯಾಂಕಿನ ಪತ್ರವಿಲ್ಲದೆ ಋಣದ ನಮೂದನ್ನು ತೆಗೆದರೆ ಸಾಲ ಕೊಟ್ಟವರಿಗೆ ಮೋಸವಾಗುವಂತೆ, ವಿಚಾರಿಸದೆ ಗುರುತನ್ನು ತೆಗೆದರೆ, ಸಾಧನಕ್ಕೆ ಸೇರದ ಜಾಗಕ್ಕೂ ಪ್ರೋಗ್ರಾಂ ಕೈಚಾಚುವ ಅಪಾಯವುಂಟು.

ನಿಮ್ಮ ಮನೆಯ ಮಗನೋ ಮಗಳೋ ಮಂಡ್ಯದ ಕಾಲೇಜಿನಲ್ಲಿ ಈ ವಿದ್ಯೆ ಕಲಿಯುತ್ತಿದ್ದರೆ ಒಂದು ಮಾತು ಹೇಳಿರಿ. ಹಿಂದಿನವರು ಬರೆದ ಪಂಕ್ತಿಯನ್ನು ನಕಲುಮಾಡುವ ಮೊದಲು, ಹಾಗೆಯೇ ಅಳಿಸುವ ಮೊದಲೂ, ಅದರ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆಂದು ವಿಚಾರಿಸಲಿ. ಉತ್ತರ ಸಿಕ್ಕಿದ ಮೇಲೆ ಕೈಹಾಕಲಿ.